5 ಕಿಲೋವ್ಯಾಟ್ ಹಾಕಿಸಿ ಅಂತಿದ್ದಾರೆ, ನಮ್ಮ ತಾರಸಿಗೆ ಅಷ್ಟು ಬೇಕಾ?

ತಾರಸಿ_ತುಮಕೂರು | ಡಿಸೆಂಬರ್ 14, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ 30-40 ಸೈಟಿನ ಸ್ವಂತ ಮನೆ. ಮೇಲೊಂದು ಫ್ಲೋರ್ ಇದೆ. ಮನೆಯಲ್ಲಿ ಐದು ಜನ. ಹೋದ ವಾರ ಸೋಲಾರ್ ಹಾಕುವವರೊಬ್ಬರು ಬಂದು ತಾರಸಿ ನೋಡಿದರು. ಹತ್ತು ನಿಮಿಷ ಇದ್ದರು ಅಷ್ಟೇ. "5 ಕಿಲೋವ್ಯಾಟ್ ಹಾಕಿಸಿ ಸರ್, ಒಟ್ಟು 3.1 ಲಕ್ಷ, ಸಬ್ಸಿಡಿ 78 ಸಾವಿರ ವಾಪಸ್ ಬರುತ್ತೆ, ಬಿಲ್ ಸೊನ್ನೆ, ಮೇಲೆ ತಿಂಗಳು ತಿಂಗಳು ದುಡ್ಡು ಬೇರೆ ಬರುತ್ತೆ" ಅಂದರು.

ನಮ್ಮ ಬಿಲ್ ಮಳೆಗಾಲದಲ್ಲಿ 220 ಯೂನಿಟ್, ಬೇಸಿಗೆಯಲ್ಲಿ 310ರ ತನಕ ಹೋಗುತ್ತದೆ. 200 ದಾಟುವುದರಿಂದ ಗೃಹಜ್ಯೋತಿ ಸಿಗುತ್ತಿಲ್ಲ, ಪೂರ್ತಿ ಕಟ್ಟುತ್ತೇವೆ. ತಾರಸಿ ಮೇಲೆ ಈಗಾಗಲೇ ಬಿಸಿನೀರಿನ ಸೋಲಾರ್ ಇದೆ. ಅದನ್ನು ತೆಗೆದು ಆ ಜಾಗದಲ್ಲೂ ಪ್ಯಾನೆಲ್ ಕೂರಿಸೋಣ ಅಂತ ಅವರ ಸಲಹೆ. ಅಮ್ಮನದು ಒಂದೇ ಪ್ರಶ್ನೆ: ಹಪ್ಪಳ, ಸಂಡಿಗೆ ಎಲ್ಲಿ ಒಣಗಿಸೋದು?

ಹಾಕಿಸಿದವರು ಯಾರಾದರೂ ಇದ್ದರೆ ಹೇಳಿ. ಸುಮ್ನೆ ದುಡ್ಡು ಹಾಕಿ ಕೈ ಸುಟ್ಟುಕೊಳ್ಳೋದು ಬೇಡ.

---

ಹಳೇ_ಮೀಟರ್ (ಹುಬ್ಬಳ್ಳಿ) | ಡಿಸೆಂಬರ್ 14, ಬೆಳಿಗ್ಗೆ 9:02

ನಿಮ್ಮ ಕಡೆ ಕಳೆದ ಹನ್ನೆರಡು ತಿಂಗಳ ಬಿಲ್ ಅದಾವೇನ್ರಿ? ಮೊದಲು ಅವನ್ನ ಹುಡುಕಿ ತಗೀರಿ. ಪ್ಯಾನೆಲ್ ಬ್ರ್ಯಾಂಡ್ ವಿಷಯ ಆಮೇಲೆ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು ನಾನು, ಎಲ್ಲ ಲೆಕ್ಕದಲ್ಲೇ ನೋಡುವುದು. 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 5 ಕಿಲೋವ್ಯಾಟ್ ಅಂದರೆ ದಿನಕ್ಕೆ 20, ತಿಂಗಳಿಗೆ 600. ನಿಮ್ಮ ಮನೆ ತಿನ್ನುವುದು ಸರಾಸರಿ 255 ಅಂದುಕೊಳ್ಳೋಣ. ಉಳಿದ 345 ಯೂನಿಟ್ ಏನು ಮಾಡ್ತೀರಿ? ಗ್ರಿಡ್‌ಗೆ, ಅಂದರೆ ಕರೆಂಟ್ ಕಂಪನಿಯ ಲೈನಿಗೆ ಕೊಡ್ತೀರಿ. ಎಷ್ಟಕ್ಕೆ? ಮಜಾ ಇರೋದು ಅಲ್ಲೇ. ನೀವು ಕೊಳ್ಳುವ ಯೂನಿಟ್‌ಗೆ ಸುಮಾರು 6 ರೂಪಾಯಿ. ನೀವು ಕೊಡುವ ಹೆಚ್ಚುವರಿ ಯೂನಿಟ್‌ಗೆ ಎರಡೂವರೆ ಅಂತ ಲೆಕ್ಕ ಹಾಕಿಕೊಳ್ಳಿ.

ಈಗ ಕೂಡಿಸಿ ನೋಡಿ. 5 ಕಿಲೋವ್ಯಾಟ್‌ಗೆ ಕೈಯಿಂದ ಹೋಗುವುದು 2.32 ಲಕ್ಷ. ಬಿಲ್‌ನಲ್ಲಿ ಉಳಿಯುವುದು ತಿಂಗಳಿಗೆ 1,530, ಹೆಚ್ಚುವರಿ ಕರೆಂಟಿನಿಂದ 860ರ ಹತ್ತಿರ. ದುಡ್ಡು ವಾಪಸ್ ಬರಲು ಎಂಟು ವರ್ಷ. 3 ಕಿಲೋವ್ಯಾಟ್ 2 ಲಕ್ಷಕ್ಕೆ ಆದರೆ ಸಬ್ಸಿಡಿ ಕಳೆದು 1.22 ಲಕ್ಷ, ಐದೂವರೆಯಿಂದ ಆರು ವರ್ಷ. 2 ಕಿಲೋವ್ಯಾಟ್ 1.4 ಲಕ್ಷಕ್ಕೆ ಆದರೆ 60 ಸಾವಿರ ಸಬ್ಸಿಡಿ ಕಳೆದು 80 ಸಾವಿರ, ಐದು ವರ್ಷದೊಳಗೇ ಮುಗೀತು.

ಯಾಕೆ ಹೀಗೆ ಅಂದರೆ, ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ. ಅಲ್ಲಿಗೆ 78 ಸಾವಿರ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಯಾಪೈಸೆ ಇಲ್ಲ. ನಿಮ್ಮ ಮನೆಗೆ ಬಂದವರು ಅದನ್ನು ಹೇಳಿದ್ರಾ?

---

ತಾರಸಿ_ತುಮಕೂರು | ಡಿಸೆಂಬರ್ 14, ಬೆಳಿಗ್ಗೆ 9:20

ಇಲ್ಲ ಸರ್. 78 ಸಾವಿರ ಅನ್ನೋದೊಂದೇ ಹೇಳಿದ್ದು.

---

ವೈರ್‌ಮನ್_ಮಗ (ಮೈಸೂರು) | ಡಿಸೆಂಬರ್ 14, ಮಧ್ಯಾಹ್ನ 1:35

ನಾನು ಇದೇ ಕೆಲಸದಲ್ಲಿ ಇರುವವನು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಉಪ್ಪು ಹುಳಿ ನೋಡಿಯೇ ತಗೊಳ್ಳಿ. ಹುಬ್ಬಳ್ಳಿ ಸರ್ ಲೆಕ್ಕ ಸರಿ ಇದೆ. ಇನ್ನೊಂದು ಸೇರಿಸುತ್ತೇನೆ. 5 ಕಿಲೋವ್ಯಾಟ್ ಹಾಕಿದರೆ ಸ್ಯಾಂಕ್ಷನ್ ಲೋಡ್ (ನಿಮ್ಮ ಮನೆಗೆ ಮಂಜೂರಾದ ಕಿಲೋವ್ಯಾಟ್) ಏರಿಸಬೇಕಾಗಿ ಬರಬಹುದು. ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್ ಲೆಕ್ಕದಲ್ಲೇ ಬರುವುದು. ಸೋಲಾರ್ ಎಷ್ಟೇ ಹಾಕಿ, ಆ ಫಿಕ್ಸೆಡ್ ಚಾರ್ಜ್ ಹೋಗುವುದಿಲ್ಲ. "ಬಿಲ್ ಸೊನ್ನೆ" ಅಂತ ಯಾರಾದರೂ ಹೇಳಿದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ.

ಬಿಸಿನೀರಿನ ಸೋಲಾರ್ ದಯವಿಟ್ಟು ತೆಗೆಯಬೇಡಿ. ನಮ್ಮ ಊರುಗಳಲ್ಲಿ ಸೋಲಾರ್ ಅಂದರೆ ಇಪ್ಪತ್ತು ವರ್ಷದಿಂದ ಬಿಸಿನೀರೇ ಅಲ್ವಾ. ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆ ರಿಬೇಟ್, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ, ಅದೂ ನಿಮಗೆ ಗೊತ್ತಿರುತ್ತದೆ. ಬಿಸಿಲಿನ ಅರ್ಧದಷ್ಟನ್ನು ಅದು ಬಿಸಿನೀರು ಮಾಡಿಕೊಡುತ್ತದೆ. ಪ್ಯಾನೆಲ್ ಅದೇ ಬಿಸಿಲಲ್ಲಿ ಕರೆಂಟ್ ಮಾಡುವುದು ನೂರಕ್ಕೆ 20-22 ಪಾಲು ಮಾತ್ರ. ಬಿಸಿನೀರಿನ ಟ್ಯಾಂಕ್ ಕಿತ್ತು, ಪ್ಯಾನೆಲ್ ಹಾಕಿ, ಆ ಕರೆಂಟಿನಲ್ಲಿ ಗೀಸರ್ ಓಡಿಸುವುದು ಅಂದರೆ ತೆಂಗಿನಕಾಯಿ ಮಾರಿ ಅಂಗಡಿಯಿಂದ ಎಳನೀರು ತಂದ ಹಾಗೆ.

ಇನ್ನು ನೆರಳು. ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ. ಹತ್ತು ನಿಮಿಷ ನೋಡಿ ಹೋದರು ಅಂದಿರಲ್ಲ, ಅಲ್ಲೇ ನನಗೆ ಅನುಮಾನ ಬಂತು.

3 ಕಿಲೋವ್ಯಾಟ್‌ಗೆ ಸಾಮಾನ್ಯವಾಗಿ 540 ವ್ಯಾಟಿನ ಆರು ಪ್ಯಾನೆಲ್ ಬರುತ್ತವೆ. ಒಂದೊಂದೂ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ತೂಕ 28 ಕೆಜಿ ಆಸುಪಾಸು. ಆರನ್ನೂ ಒಂದರ ಹಿಂದೆ ಒಂದು ಜೋಡಿಸಿ ಒಂದೇ ಸಾಲಿನ ವೈರ್ ಮಾಡುತ್ತಾರೆ. ಅದಕ್ಕೆ ಸ್ಟ್ರಿಂಗ್ ಅಂತೀವಿ. ತೋಟಕ್ಕೆ ನೀರು ಬಿಡುವ ಪೈಪನ್ನು ಒಂದು ಕಡೆ ತುಳಿದರೆ ಕೊನೆಯಲ್ಲಿ ನೀರು ಬರುವುದಿಲ್ಲವಲ್ಲ, ಹಾಗೆ ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಇಡೀ ಸಾಲಿಗೆ ಪೆಟ್ಟು. ಪ್ಯಾನೆಲ್ ಒಳಗೆ ಬೈಪಾಸ್ ಡಯೋಡ್ ಇರುತ್ತದೆ, ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಪಕ್ಕದಿಂದ ಹೋಗುತ್ತದೆ. ಆದರೂ ನಷ್ಟ ನೆರಳಿನ ಸೈಜಿಗಿಂತ ಜಾಸ್ತಿಯೇ.

ಈಗ ನೀವು ಮಾಡಬೇಕಾದ್ದು ಹೇಳುತ್ತೇನೆ. ಡಿಸೆಂಬರ್ ತಿಂಗಳು ಇದಕ್ಕೆ ಸರಿಯಾದ ಕಾಲ. ಸೂರ್ಯ ವರ್ಷದಲ್ಲೇ ತುಂಬಾ ದಕ್ಷಿಣಕ್ಕೆ ಬಾಗಿರುತ್ತಾನೆ, ನೆರಳು ಉದ್ದ. ಒಂದು ಚಾಕ್‌ಪೀಸ್ ತಗೊಂಡು ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಮೂರೂವರೆಗೆ ತಾರಸಿಗೆ ಹೋಗಿ. ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ, ಪ್ಯಾರಪೆಟ್, ಪಕ್ಕದ ಮನೆ, ಯಾವುದರ ನೆರಳು ಎಲ್ಲಿ ಬೀಳುತ್ತದೆ ಅಂತ ನೆಲದ ಮೇಲೆ ಗೆರೆ ಎಳೆಯಿರಿ. ಮೂರು ಗೆರೆಗೂ ಸಿಗದ ಜಾಗ ಯಾವುದೋ ಅದೇ ನಿಮ್ಮ ಸೋಲಾರ್ ಜಾಗ. ಕಿಲೋವ್ಯಾಟ್‌ಗೆ ನೂರು ಚದರಡಿ ಬೇಕು.

ನಿಮ್ಮ ಊರಿನಲ್ಲಿ ಈಗ ಮಧ್ಯಾಹ್ನ 6 ಅಡಿ ಎತ್ತರದ ಟ್ಯಾಂಕಿನ ನೆರಳು ಉತ್ತರಕ್ಕೆ ನಾಲ್ಕೂವರೆ ಅಡಿ ಬೀಳುತ್ತದೆ. ಏಪ್ರಿಲ್ ಕೊನೆಗೆ ನೋಡಿದರೆ ನಡುಮಧ್ಯಾಹ್ನ ನೆರಳೇ ಇರುವುದಿಲ್ಲ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮಕ್ಕಳನ್ನೆಲ್ಲ ಸೇರಿಸಿ ಶೂನ್ಯ ನೆರಳಿನ ದಿನ ಅಂತ ಮಾಡ್ತಾರಲ್ಲ, ಅದೇ. ಬೇಸಿಗೆಯಲ್ಲಿ ಬಂದು ತಾರಸಿ ನೋಡಿದವರು ಎಡವುವುದು ಇಲ್ಲೇ.

---

ಪುತ್ತೂರಿನ_ಅಡಿಕೆ | ಡಿಸೆಂಬರ್ 14, ರಾತ್ರಿ 8:48

ನನ್ನ ಕಥೆ ಕೇಳಿ ಮಾರಾಯ್ರೆ. ಎರಡು ವರ್ಷದ ಹಿಂದೆ ಕೊಟ್ಟಿಗೆಯ ಶೀಟಿನ ಮೇಲೆ 3 ಕಿಲೋವ್ಯಾಟ್ ಹಾಕಿಸಿದೆ. ಮನೆಯದ್ದು ಹಂಚಿನ ಮಾಡು, ಅದರ ಮೇಲೆ ಆಗುವುದಿಲ್ಲ. ನಮ್ಮಲ್ಲಿ ಕರೆಂಟ್ ಹೋಗುವುದು ಜಾಸ್ತಿ. ಇನ್ನು ಮೇಲೆ ಆ ತಲೆಬಿಸಿ ಇಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದೆ.

ಜೂನ್‌ನಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹೋಯಿತು. ಮೂರು ದಿನ ಕರೆಂಟ್ ಇಲ್ಲ. ಎರಡನೇ ದಿನ ಮಳೆ ಬಿಟ್ಟು ಒಳ್ಳೆ ಬಿಸಿಲು ಬಂತು. ಕೊಟ್ಟಿಗೆಯ ಮೇಲೆ ಆರು ಪ್ಯಾನೆಲ್ ಮಿಂಚುತ್ತಾ ಉಂಟು, ಮನೆಯೊಳಗೆ ಒಂದು ಬಲ್ಬ್ ಉರಿಯುವುದಿಲ್ಲ! ಹೆಂಡತಿ ನನ್ನ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ "ಅದು ಆನ್‌ಗ್ರಿಡ್ ಅಲ್ವಾ ಸರ್, ಹಾಗೇ ಇರೋದು" ಅಂದರು. ಮೊದಲೇ ಹೇಳುವುದಕ್ಕೆ ಏನಾಗಿತ್ತು?

---

ವೈರ್‌ಮನ್_ಮಗ (ಮೈಸೂರು) | ಡಿಸೆಂಬರ್ 14, ರಾತ್ರಿ 9:15

ಅಣ್ಣ, ನಿಮ್ಮ ಮನೆಯಲ್ಲಿ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) ಕೆಟ್ಟಿದ್ದಲ್ಲ, ತನ್ನ ಕೆಲಸವನ್ನೇ ಮಾಡಿದ್ದು. ಆ ಹೊತ್ತಿಗೆ ಲೈನ್‌ಮನ್ ಕಂಬ ಹತ್ತಿರುತ್ತಾನೆ. ಸಪ್ಲೈ ಆಫ್ ಮಾಡಿದ್ದೇವೆ ಅಂತ ನಂಬಿ ತಂತಿ ಮುಟ್ಟುತ್ತಾನೆ. ನಿಮ್ಮ ಕೊಟ್ಟಿಗೆಯಿಂದ ಕರೆಂಟ್ ವಾಪಸ್ ಲೈನಿಗೆ ಹೋದರೆ ಅವನ ಕಥೆ ಏನು? ಅದಕ್ಕೆ ಗ್ರಿಡ್ ಹೋದ ಕೂಡಲೇ ಆನ್‌ಗ್ರಿಡ್ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಗ್ರಿಡ್ಡಿನ ವೋಲ್ಟೇಜ್, ಫ್ರೀಕ್ವೆನ್ಸಿ ನೋಡಿಕೊಂಡೇ ಅದು ಹೆಜ್ಜೆ ಹಾಕುವುದು.

ಕರೆಂಟ್ ಹೋದಾಗಲೂ ಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಬ್ಯಾಟರಿ ಬೇಕು. ಅದು ಗ್ರಿಡ್‌ನಿಂದ ಮನೆಯನ್ನು ಬೇರೆ ಮಾಡಿಕೊಂಡು ಒಳಗೆ ಮಾತ್ರ ಕೊಡುತ್ತದೆ. ಖರ್ಚು ಚೆನ್ನಾಗಿಯೇ ಏರುತ್ತದೆ. ಬ್ಯಾಟರಿಗೆ ಸಬ್ಸಿಡಿ ಇಲ್ಲ. ತುಮಕೂರು ಪೇಟೆಯಲ್ಲಿ ಇರುವವರಿಗೆ ನನ್ನ ಸಲಹೆ: ಈಗಿರುವ ಸಣ್ಣ ಯುಪಿಎಸ್ ಫ್ಯಾನು ಲೈಟಿಗೆ ಹಾಗೇ ಇರಲಿ, ಸೋಲಾರ್ ಆನ್‌ಗ್ರಿಡ್ ಸಾಕು. ಪುತ್ತೂರು, ಮಡಿಕೇರಿ, ತೀರ್ಥಹಳ್ಳಿ ಕಡೆ ವಿಷಯ ಬೇರೆ.

---

ಪುತ್ತೂರಿನ_ಅಡಿಕೆ | ಡಿಸೆಂಬರ್ 14, ರಾತ್ರಿ 9:31

ಹೌದು, ಕೊನೆಗೆ ಹೈಬ್ರಿಡ್‌ಗೇ ಬದಲಾಯಿಸಿದೆ. ಲಿಥಿಯಂ ಬ್ಯಾಟರಿ. ಈಗ ಫ್ರಿಡ್ಜ್, ಫ್ಯಾನ್, ವೈಫೈ ಎಲ್ಲ ಓಡುತ್ತದೆ. ಪಂಪ್ ಮಾತ್ರ ಅದಕ್ಕೆ ಕೊಟ್ಟಿಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು. ದಿನಕ್ಕೆ 4 ಯೂನಿಟ್ ಅನ್ನುವುದು ವರ್ಷದ ಸರಾಸರಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಕಾಲ) ಅದರ ಅರ್ಧವೂ ಬರುವುದಿಲ್ಲ. ಮಾರ್ಚ್‌ನಲ್ಲಿ ಸಿಕ್ಕಿದ್ದನ್ನು ನೋಡಿ ಹಿಗ್ಗಬೇಡಿ. ಸಿಡಿಲಿನದ್ದೂ ಹೇಳಬೇಕು. ಮಳೆಗಾಲಕ್ಕೆ ಮೊದಲಿನ ಗುಡುಗಿನಲ್ಲಿ ಪಕ್ಕದ ಮನೆಯವರ ಟಿವಿ ಹೋಯಿತು, ನನ್ನದು ಸರ್ಜ್ ಪ್ರೊಟೆಕ್ಟರ್ ಮಾತ್ರ ಸುಟ್ಟಿತು. ಸಾವಿರ ಚಿಲ್ಲರೆಯಲ್ಲಿ ಮುಗಿಯಿತು.

---

ವೈರ್‌ಮನ್_ಮಗ (ಮೈಸೂರು) | ಡಿಸೆಂಬರ್ 14, ರಾತ್ರಿ 9:40

ಅರ್ಥಿಂಗ್ ಸರಿ ಇದ್ದಿದ್ದಕ್ಕೆ ಬಚಾವ್. ಮೂರು ಗುಂಡಿ ಇರಬೇಕು: ಪ್ಯಾನೆಲ್ ಕಡೆಗೆ ಒಂದು, ಇನ್ವರ್ಟರ್‌ನ ಎಸಿ ಕಡೆಗೆ ಒಂದು, ಸಿಡಿಲಿನ ಕಂಬಿಗೆ ಬೇರೆಯೇ ಒಂದು. "ಮನೆ ಅರ್ಥಿಂಗ್‌ಗೇ ಕೊಟ್ಬಿಡೋಣ ಸರ್" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಗುಂಡಿ ತೋಡುವಾಗ ಎದುರಿಗೆ ನಿಂತು ನೋಡಿ.

ಆರು ಪ್ಯಾನೆಲ್ ಸಾಲಾಗಿ ಸೇರಿದರೆ ಇನ್ನೂರೈವತ್ತು ವೋಲ್ಟ್ ಡಿಸಿ ಸುಮಾರು ಬರುತ್ತದೆ. ಬಿಸಿಲಿರುವ ತನಕ ಅದನ್ನು ಆಫ್ ಮಾಡುವ ಸ್ವಿಚ್ ದೇವರ ಹತ್ತಿರ ಮಾತ್ರ ಇರೋದು. ಇನ್ವರ್ಟರ್ ಆಫ್ ಮಾಡಿದರೂ ಪ್ಯಾನೆಲ್‌ನಿಂದ ಬರುವ ವೈರ್‌ನಲ್ಲಿ ಜೀವ ಇರುತ್ತದೆ. ಮಕ್ಕಳು ಗಾಳಿಪಟ ಹಿಡಿದುಕೊಂಡು ಅಲ್ಲಿ ಓಡಾಡದ ಹಾಗೆ ನೋಡಿಕೊಳ್ಳಿ.

---

ಬ್ಲಾಕ್_ಸಿ_ಕಾರ್ಯದರ್ಶಿ (ಬೆಂಗಳೂರು) | ಡಿಸೆಂಬರ್ 15, ಬೆಳಿಗ್ಗೆ 7:25

ಸ್ವಂತ ಮನೆಯವರು ಪುಣ್ಯವಂತರು! ನಮ್ಮದು 42 ಫ್ಲಾಟ್. ಲಿಫ್ಟ್, ಪಂಪು, ಕಾಮನ್ ಲೈಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಎಲ್ಲ ಒಂದು ಕಾಮನ್ ಮೀಟರ್. ಅದಕ್ಕೆ 20 ಕಿಲೋವ್ಯಾಟ್ ಹಾಕಿಸೋಣ ಅಂತ ಅಸೋಸಿಯೇಷನ್‌ನ ವಾರ್ಷಿಕ ಸಭೆಯಲ್ಲಿ ಇಟ್ಟೆ. ಅಸೋಸಿಯೇಷನ್‌ಗಳ ಕಾಮನ್ ಬಳಕೆಗೆ ಕಿಲೋವ್ಯಾಟ್‌ಗೆ 18 ಸಾವಿರ ಸಬ್ಸಿಡಿ, ಅಂದರೆ 3.6 ಲಕ್ಷ. ಇಷ್ಟು ಹೇಳುವಷ್ಟರಲ್ಲಿ ಟಾಪ್ ಫ್ಲೋರ್‌ನವರು ಎದ್ದು ನಿಂತರು. "ತಾರಸಿ ನಮ್ಮ ತಲೆ ಮೇಲಿರೋದು, ಸೋರಿದರೆ ಯಾರು ಹೊಣೆ?" ಅಂತ.

ಅವರ ಮಾತಲ್ಲೂ ತಪ್ಪಿರಲಿಲ್ಲ. ಸ್ಟ್ರಕ್ಚರ್ ಕೂರಿಸಲು ಡ್ರಿಲ್ ಹೊಡೆದರೆ ವಾಟರ್‌ಪ್ರೂಫಿಂಗ್ ಹಾಳು. ಕೊನೆಗೆ ಡ್ರಿಲ್ ಬೇಡ, ಕಾಂಕ್ರೀಟ್ ಬ್ಲಾಕ್‌ಗಳ ಭಾರದ ಮೇಲೆ ಕೂರಿಸೋಣ ಅಂತ ಒಪ್ಪಂದ ಆಯ್ತು. ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ ಆಮೇಲೆ ಪ್ಯಾನೆಲ್. ಈ ಕ್ರಮ ತಿರುಗುಮುರುಗು ಆದರೆ ಐದು ವರ್ಷದ ನಂತರ ಎಲ್ಲ ಬಿಚ್ಚಬೇಕಾಗುತ್ತದೆ.

ಈಗ ಪಂಪನ್ನು ಬೆಳಿಗ್ಗೆ 5ರ ಬದಲು 11ಕ್ಕೆ ಓಡಿಸುತ್ತೇವೆ, ಬಿಸಿಲಿನ ಕರೆಂಟು ಉಪಯೋಗ ಆಗಲಿ ಅಂತ.

---

ಹಳೇ_ಮೀಟರ್ (ಹುಬ್ಬಳ್ಳಿ) | ಡಿಸೆಂಬರ್ 15, ಬೆಳಿಗ್ಗೆ 8:00

ಪಂಪ್ 5ಕ್ಕೇ ಓಡಿಸಿದರೂ ನಿಮಗೆ ಲಾಸ್ ಇಲ್ರಿ. ನೆಟ್ ಮೀಟರಿಂಗ್‌ನಲ್ಲಿ ತಿಂಗಳ ಕೊನೆಗೆ ಕೊಟ್ಟಿದ್ದು, ತಗೊಂಡಿದ್ದು ಎರಡನ್ನೂ ಕಳೆದು ನೋಡುತ್ತಾರೆ. ಹಗಲು ಕೊಟ್ಟ ಒಂದು ಯೂನಿಟ್, ರಾತ್ರಿ ತಗೊಂಡ ಒಂದು ಯೂನಿಟ್‌ಗೆ ಸಮ. ಗ್ರಿಡ್ ನಿಮಗೆ ಪುಕ್ಕಟೆ ಬ್ಯಾಟರಿ ಇದ್ದ ಹಾಗೆ. ತಿಂಗಳ ಲೆಕ್ಕದಲ್ಲಿ ತಗೊಂಡಿದ್ದಕ್ಕಿಂತ ಕೊಟ್ಟಿದ್ದು ಜಾಸ್ತಿ ಆದಾಗ ಮಾತ್ರ ಆ ಎರಡೂವರೆ ರೂಪಾಯಿ ದರ ಬರುವುದು.

ನನ್ನ ಪರಿಚಯದವರೊಬ್ಬರು 2014ರ ಹೊತ್ತಿಗೇ ಹಾಕಿಸಿದ್ದರು. ಆಗ ಗ್ರಿಡ್‌ಗೆ ಕೊಟ್ಟ ಯೂನಿಟ್‌ಗೆ 9.56 ರೂಪಾಯಿ! ಕೊಳ್ಳುವ ದರಕ್ಕಿಂತ ಮಾರುವ ದರ ಜಾಸ್ತಿ. 25 ವರ್ಷದ ಒಪ್ಪಂದ. ಅಂಥ ಕಾಲ ಇನ್ನು ಬರೂದಿಲ್ಲ ಬಿಡ್ರಿ. ಆಗ ಪ್ಯಾನೆಲ್ ರೇಟೂ ಹಾಗೇ ಇತ್ತು ಅನ್ನೂದು ಬೇರೆ ಮಾತು. "ಕರೆಂಟ್ ಮಾರಿ ಸಂಪಾದನೆ" ಅನ್ನುವ ಹಳೇ ಕಥೆಯನ್ನೇ ಈಗಲೂ ಹೇಳಿ 5, 8 ಕಿಲೋವ್ಯಾಟ್ ತಲೆಗೆ ಕಟ್ಟುತ್ತಾರೆ.

---

ಮೆಲ್ಬರ್ನ್_ಮಾವ | ಡಿಸೆಂಬರ್ 15, ಬೆಳಿಗ್ಗೆ 10:12

ಕಾರ್ಯದರ್ಶಿಗಳು ಮಾಡುತ್ತಿರುವುದು ಇಲ್ಲಿ ನಮಗೆ ಕಡ್ಡಾಯ ಆಗಿಬಿಟ್ಟಿದೆ. ಆಸ್ಟ್ರೇಲಿಯಾದಲ್ಲಿ 40 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳ ಮೇಲೆ ಸೋಲಾರ್ ಇದೆ. ಮಧ್ಯಾಹ್ನ ಎಲ್ಲರೂ ಕೊಡುವವರೇ, ತಗೊಳ್ಳುವವರಿಲ್ಲ. ವಿಕ್ಟೋರಿಯಾದಲ್ಲಿ 2025-26ಕ್ಕೆ ನಿಗದಿ ಮಾಡಿದ ಕನಿಷ್ಠ ದರ ಎಷ್ಟು ಗೊತ್ತೇ? ಯೂನಿಟ್‌ಗೆ 0.04 ಸೆಂಟ್. ಸೆಂಟೂ ಅಲ್ಲ, ಅದರ ಇಪ್ಪತ್ತೈದನೇ ಒಂದು ಭಾಗ. ಹಾಗಾಗಿ ನಮ್ಮವಳು ಬಟ್ಟೆ ಒಗೆಯುವುದು, ಪಾತ್ರೆ ಮೆಷಿನ್, ಕಾರ್ ಚಾರ್ಜ್ ಎಲ್ಲ ನಡುಮಧ್ಯಾಹ್ನಕ್ಕೆ ಹಾಕುತ್ತಾಳೆ. ನಿಮ್ಮಲ್ಲಿ ನೆಟ್ ಮೀಟರಿಂಗ್ ಇರುವಾಗಲೇ ಹಾಕಿಸಿಕೊಳ್ಳಿ ಅನ್ನುತ್ತೇನೆ.

ಇನ್ನೊಂದು ತಮಾಷೆ. ಅಪ್ಪ ಊರಿಂದ ಬಂದಾಗ ನಮ್ಮ ಮನೆ ಪ್ಯಾನೆಲ್ ನೋಡಿ "ತಪ್ಪು ದಿಕ್ಕಿಗೆ ಹಾಕಿದ್ದಾರಲ್ಲೋ" ಅಂದರು. ಇಲ್ಲಿ ಉತ್ತರಕ್ಕೆ ಮುಖ ಮಾಡಿ ಹಾಕಬೇಕು. ಊರಲ್ಲಿ ದಕ್ಷಿಣಕ್ಕೆ.

---

ಚಿಕ್ಕ_ಮೇಡಂ (ಶಿರಾ) | ಡಿಸೆಂಬರ್ 15, ಸಂಜೆ 6:30

ಎಲ್ಲರೂ ದುಡ್ಡಿನ ಲೆಕ್ಕವೇ ಹೇಳ್ತಿದ್ದೀರಿ, ತೊಳೆಯೋದು ಯಾರು ಅಂತ ಯಾರೂ ಹೇಳಲಿಲ್ಲ. ನಾನು ಹೇಳ್ತೀನಿ.

ನಮ್ಮ ಮನೆ ರಸ್ತೆ ಪಕ್ಕ, ಕೆಂಪು ಧೂಳು. ಎರಡು ವಾರಕ್ಕೆ ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೀಬಹುದು. ನಾನು ಬುದ್ಧಿವಂತಿಕೆ ಮಾಡಿದೆ. ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರು ಸುಮ್ನೆ ವೇಸ್ಟ್ ಆಗ್ತಿತ್ತಲ್ಲ, ಅದನ್ನು ಬಕೆಟ್‌ನಲ್ಲಿ ಹಿಡಿದು ಮಧ್ಯಾಹ್ನ ಹೋಗಿ ಪ್ಯಾನೆಲ್‌ಗೆ ಸುರಿದೆ. ಕಾದ ಹಂಚಿಗೆ ನೀರು ಬಿದ್ದ ಹಾಗೆ ಚುಂಯ್ ಅಂತು. ಒಣಗಿದ ಮೇಲೆ ನೋಡಿದರೆ ಬಿಳೀ ರಂಗೋಲಿ! ಬೋರ್‌ವೆಲ್ ನೀರೇ ಗಡಸು, ಆರ್‌ಒ ಹೊರಗೆ ಬಿಡುವ ನೀರಲ್ಲಿ ಉಪ್ಪು ಇನ್ನೂ ಜಾಸ್ತಿ. ಅದನ್ನು ಉಜ್ಜಿ ತೆಗೆಯಲು ಮೂರು ಭಾನುವಾರ ಹೋಯ್ತು.

ಈಗ ಮಳೆ ನೀರು ಹಿಡಿದು ಇಟ್ಟುಕೊಂಡಿದ್ದೀನಿ. ಬೆಳಿಗ್ಗೆ ಆರಕ್ಕೆ, ಗಾಜು ತಣ್ಣಗಿರುವಾಗ, ಮೆತ್ತನೆ ಮಾಪ್‌ನಲ್ಲಿ ಒರೆಸ್ತೀನಿ. ಸೋಪು ಬೇಡ, ಪಾತ್ರೆ ತಿಕ್ಕೋ ನಾರಂತೂ ಬೇಡವೇ ಬೇಡ.

ಹಪ್ಪಳದ ವಿಷಯ: ಸ್ಟ್ರಕ್ಚರ್ ಎಂಟು ಅಡಿ ಎತ್ತರಿಸಿ ಹಾಕಿಸಿ, ಸ್ವಲ್ಪ ಖರ್ಚು ಜಾಸ್ತಿ ಆಗುತ್ತೆ. ಕೆಳಗೆ ಬಟ್ಟೆ ಹಾಕಬಹುದು. ಆದರೆ ಹಪ್ಪಳಕ್ಕೆ ಬಿಸಿಲು ಬೇಕಲ್ಲ, ನೆರಳಲ್ಲಿ ಒಣಗಲ್ಲ! ಅಮ್ಮನಿಗೆ ಪೂರ್ವದ ಕಡೆ ಒಂದು ಮೂಲೆ ಬಿಟ್ಟುಕೊಡಿ. ಇನ್ನು ಪಾರಿವಾಳ. ಪ್ಯಾನೆಲ್ ಕೆಳಗೆ ಗೂಡು ಕಟ್ಟುತ್ತವೆ. ಸುತ್ತ ಜಾಲರಿ ಹೊಡೆಸಿ.

---

ತಾರಸಿ_ತುಮಕೂರು | ಡಿಸೆಂಬರ್ 22, ರಾತ್ರಿ 9:05

ನಿನ್ನೆ ಭಾನುವಾರ ಚಾಕ್‌ಪೀಸ್ ಹಿಡಿದು ಮೂರು ಸಲ ತಾರಸಿ ಹತ್ತಿದೆ. ಪಕ್ಕದ ಮನೆಯವರು "ಏನ್ ಸಾರ್, ಕುಂಟೆಬಿಲ್ಲೆ ಆಡ್ತಿದ್ದೀರಾ?" ಅಂದರು.

ಬಂದ ಫಲಿತಾಂಶ: ಆ ಕಂಪನಿಯವರು ಗುರುತು ಹಾಕಿದ್ದ ಜಾಗದ ಮೂರನೇ ಒಂದು ಭಾಗಕ್ಕೆ ಮೂರು ಗಂಟೆ ಮೇಲೆ ಮೆಟ್ಟಿಲ ಕೋಣೆಯ ನೆರಳು. 5 ಕಿಲೋವ್ಯಾಟ್ ಅಲ್ಲಿ ಕೂರುವುದೇ ಇಲ್ಲ. ನೆರಳಿಲ್ಲದ ಜಾಗ 340 ಚದರಡಿ ಸಿಕ್ಕಿತು. ಬಿಸಿನೀರಿನ ಸೋಲಾರ್ ಇದ್ದಲ್ಲೇ ಇರುತ್ತದೆ. ಹನ್ನೆರಡು ತಿಂಗಳ ಸರಾಸರಿ 258 ಯೂನಿಟ್ ಬಂತು. ಯುಗಾದಿ ಹೊತ್ತಿಗೆ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುವ ಯೋಚನೆ ಇದೆ, ಅದಕ್ಕೆ 3 ಕಿಲೋವ್ಯಾಟ್ ಅಂತ ಮನಸ್ಸು ಮಾಡಿದ್ದೇನೆ.

ಈಗ ಹೊಸ ಸಮಸ್ಯೆ. ಆರ್.ಆರ್. ನಂಬರ್ (ಕರೆಂಟ್ ಕನೆಕ್ಷನ್ ನಂಬರ್) ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದೆ.

---

ಹಳೇ_ಮೀಟರ್ (ಹುಬ್ಬಳ್ಳಿ) | ಡಿಸೆಂಬರ್ 22, ರಾತ್ರಿ 9:30

ಮೊದಲು ಅದನ್ನ ಬದಲಾಯಿಸ್ರಿ. ಬಿಲ್ಲಿನ ಹೆಸರು, ಅರ್ಜಿ ಹಾಕುವವರ ಹೆಸರು, ಸಬ್ಸಿಡಿ ಬರುವ ಬ್ಯಾಂಕ್ ಖಾತೆ ಎಲ್ಲ ಒಂದೇ ಇರಲಿ. ನನ್ನ ತಮ್ಮನದು ಇನಿಶಿಯಲ್ ಹಿಂದೆ ಮುಂದೆ ಆಗಿ ಎರಡು ತಿಂಗಳು ಓಡಾಡಿದ. ಕಚೇರಿಯಲ್ಲಿ ಒಬ್ಬರು ಇದ್ದರೆ ಇನ್ನೊಬ್ಬರು ಇರಲ್ಲ.

ಸಾಲ ಬೇಕಾದರೆ 3 ಕಿಲೋವ್ಯಾಟ್ ತನಕ 2 ಲಕ್ಷದವರೆಗೆ ಅಡಮಾನ ಇಲ್ಲದೆ ಬ್ಯಾಂಕುಗಳು ಕೊಡುತ್ತವೆ. ಬಡ್ಡಿ ಪರ್ಸನಲ್ ಲೋನ್‌ಗಿಂತ ಎಷ್ಟೋ ಕಡಿಮೆ. ಪ್ಯಾನೆಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರ ಬದಲು 5 ಪರ್ಸೆಂಟ್. ಹಳೇ ಕೊಟೇಶನ್ ಹಿಡಿದುಕೊಂಡು ಬಂದವರಿಗೆ ಅದನ್ನು ನೆನಪಿಸಿ.

---

ವೈರ್‌ಮನ್_ಮಗ (ಮೈಸೂರು) | ಡಿಸೆಂಬರ್ 23, ಬೆಳಿಗ್ಗೆ 7:10

ಕೊಟೇಶನ್‌ನಲ್ಲಿ ಪ್ಯಾನೆಲ್ "ಡಿಸಿಆರ್" ಅಂತ ಬರೆದಿದೆಯಾ ನೋಡಿ. ಸೆಲ್ಲೂ ಪ್ಯಾನೆಲ್ಲೂ ಎರಡೂ ಭಾರತದಲ್ಲೇ ತಯಾರಾಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಬರುವುದಿಲ್ಲ. ಅರ್ಜಿಯನ್ನು ಪಿಎಂ ಸೂರ್ಯಘರ್‌ನ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನಿಮ್ಮ ಮೊಬೈಲಿಂದಲೇ ಹಾಕಿ. 10 ಕಿಲೋವ್ಯಾಟ್ ತನಕ ಈಗ ತಾಂತ್ರಿಕ ಪರಿಶೀಲನೆ ಅಂತ ಕಾಯಿಸುವ ಹಾಗಿಲ್ಲ, 2024ರಲ್ಲಿ ನಿಯಮ ಬದಲಾಗಿದೆ. ಹಾಕಿದವರೇ ಐದು ವರ್ಷ ನಿರ್ವಹಣೆ ನೋಡಿಕೊಳ್ಳಬೇಕು, ಅದು ಅಗ್ರಿಮೆಂಟ್‌ನಲ್ಲಿ ಇರಲಿ.

ತುಂಬಾ ಮುಖ್ಯ: ಎರಡೂ ಕಡೆ ಓದುವ ಹೊಸ ಮೀಟರ್ ಬರುವ ತನಕ ಸಿಸ್ಟಮ್ ಆನ್ ಮಾಡಲು ಬಿಡಬೇಡಿ. ಹಳೇ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಎಷ್ಟೋ ಮೀಟರ್‌ಗೆ ಕರೆಂಟ್ ಒಳಗೆ ಬಂತೋ ಹೊರಗೆ ಹೋಯ್ತೋ ಗೊತ್ತಾಗುವುದಿಲ್ಲ. ಹೋಗಿದ್ದನ್ನೂ ಬಳಸಿದ್ದು ಅಂತಲೇ ಕೂಡಿಸುತ್ತದೆ. ನಮ್ಮ ಬಡಾವಣೆಯಲ್ಲಿ ಒಬ್ಬರು "ಟೆಸ್ಟಿಂಗ್‌ಗೆ ಒಂದು ವಾರ ಓಡಲಿ" ಅಂತ ಬಿಟ್ಟು ಎರಡರಷ್ಟು ಬಿಲ್ ಕಟ್ಟಿದರು.

---

ತಾರಸಿ_ತುಮಕೂರು | ಏಪ್ರಿಲ್ 5, ಸಂಜೆ 7:40

ತುಂಬಾ ದಿನ ಆಯ್ತು. ಹೆಸರು ಬದಲಾಗಲು ಐದು ವಾರ ಹಿಡಿಯಿತು, ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಆರು ಪ್ಯಾನೆಲ್, ಎಂಟು ಅಡಿ ಎತ್ತರ, ದಕ್ಷಿಣಕ್ಕೆ ಮುಖ. ಸಬ್ಸಿಡಿ ಖಾತೆಗೆ ಬಂದಿದೆ. ಮೊನ್ನೆ ಮೀಟರ್ ರೀಡರ್ ಬಂದು ಮಾರ್ಚ್ ತಿಂಗಳ ಪೂರ್ತಿ ಬಿಲ್ ಕೊಟ್ಟರು.

ಆದರೆ ಒಂದು ಅನುಮಾನ. ಮೊಬೈಲ್ ಆ್ಯಪ್‌ನಲ್ಲಿ ಉತ್ಪಾದನೆ 372 ಯೂನಿಟ್ ಅಂತಿದೆ. ಬಿಲ್‌ನಲ್ಲಿ ಎಕ್ಸ್‌ಪೋರ್ಟ್ ಬರೀ 214. ಮಿಕ್ಕ 158 ಯೂನಿಟ್ ಎಲ್ಲಿ ಹೋಯ್ತು? ಮೀಟರ್ ತಪ್ಪಿದೆಯಾ, ಕಂಪ್ಲೇಂಟ್ ಕೊಡಲಾ?

---

ವೈರ್‌ಮನ್_ಮಗ (ಮೈಸೂರು) | ಏಪ್ರಿಲ್ 5, ರಾತ್ರಿ 8:02

ನೀವೇ ತಿಂದಿದ್ದೀರಿ ಸರ್! ಪ್ಯಾನೆಲ್‌ನ ಕರೆಂಟ್ ಮೊದಲು ಮನೆಯೊಳಗಿನ ಫ್ರಿಡ್ಜ್, ಮಿಕ್ಸಿ, ಫ್ಯಾನ್‌ಗೆ ಹೋಗುತ್ತದೆ. ಅದು ಮೀಟರ್ ದಾಟುವುದೇ ಇಲ್ಲ. ಮಿಕ್ಕಿದ್ದು ಮಾತ್ರ ಹೊರಗೆ ಹೋಗಿ ಎಕ್ಸ್‌ಪೋರ್ಟ್ ಆಗುತ್ತದೆ. ಇಂಪೋರ್ಟ್ ಎಷ್ಟಿದೆ?

---

ತಾರಸಿ_ತುಮಕೂರು | ಏಪ್ರಿಲ್ 5, ರಾತ್ರಿ 8:06

163.

---

ಹಳೇ_ಮೀಟರ್ (ಹುಬ್ಬಳ್ಳಿ) | ಏಪ್ರಿಲ್ 5, ರಾತ್ರಿ 8:20

ಹಾಂಗಾದ್ರ ಲೆಕ್ಕ ಸರಿ ಅದ. ಹಗಲು ನೇರ ಬಳಸಿದ್ದು 158, ಗ್ರಿಡ್‌ನಿಂದ ತಗೊಂಡಿದ್ದು 163. ನಿಮ್ಮ ಮನೆ ಒಟ್ಟು ಬಳಸಿದ್ದು 321. ಸ್ಕೂಟರ್ ಬಂತು ಅಂತ ಕಾಣ್ತದ! ಕೊಟ್ಟ 214ರಲ್ಲಿ 163 ಕಳೆದರೆ 51 ಯೂನಿಟ್ ನಿಮ್ಮದೇ ಜಾಸ್ತಿ. ಫಿಕ್ಸೆಡ್ ಚಾರ್ಜ್ ಮಾತ್ರ ಕಟ್ಟಿರ್ತೀರಿ.

---

ತಾರಸಿ_ತುಮಕೂರು | ಏಪ್ರಿಲ್ 5, ರಾತ್ರಿ 8:31

ಹೌದು, ಸ್ಕೂಟರ್ ಬಂತು. ಫಿಕ್ಸೆಡ್ ಚಾರ್ಜೂ ಹಾಗೇ ಇದೆ. ಅಮ್ಮ ಪೂರ್ವದ ಮೂಲೆಯಲ್ಲಿ ಈ ವರ್ಷದ ಸಂಡಿಗೆ ಹಾಕಿ ಆಯ್ತು.

---

ಚಿಕ್ಕ_ಮೇಡಂ (ಶಿರಾ) | ಏಪ್ರಿಲ್ 5, ರಾತ್ರಿ 8:50

ಜಾಲರಿ ಹೊಡೆಸಿದ್ರಾ?

---

ತಾರಸಿ_ತುಮಕೂರು | ಏಪ್ರಿಲ್ 5, ರಾತ್ರಿ 8:52

ಇಲ್ಲ ಮೇಡಂ. ನಾಲ್ಕನೇ ಪ್ಯಾನೆಲ್ ಕೆಳಗೆ ಆಗಲೇ ಎರಡು ಮೊಟ್ಟೆ ಇದೆ. ಅಮ್ಮ ಮರಿ ಹಾರೋ ತನಕ ಯಾರೂ ಮೇಲೆ ಹತ್ತಬೇಡಿ ಅಂದಿದ್ದಾರೆ.